ಸೋಯಾ ತೆಗೆಯುವುದು ಸುಲಭ, ಅದು ಬಿಟ್ಟ ಜಾಗ ತುಂಬುವುದೇ ಕೆಲಸ: ಹಿತ್ತಲ ಕೋಳಿಗೆ ಅಲರ್ಜಿ ತಪ್ಪಿಸುವ ಆಹಾರ

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಮೊಟ್ಟೆ ಇಡುವ 8 ಕೋಳಿಗಳಿವೆ. 6 ವರ್ಷದ ಮಗಳಿಗೆ ಸೋಯಾ, ಶೇಂಗಾ, ಗೋಧಿ ಮೂರೂ ಅಲರ್ಜಿ ಎಂದು ಡಾಕ್ಟರು ಹೇಳಿದ್ದಾರೆ. ಕೋಳಿಗೆ ಆಹಾರ ಹಾಕುವುದು ಅವಳಿಗೆ ತುಂಬಾ ಇಷ್ಟ. ಆದರೆ ಫೀಡ್ ಡಬ್ಬದ ಮುಚ್ಚಳ ತೆಗೆದರೆ ಸೀನು ಶುರು, ಮುಟ್ಟಿದ ಮೇಲೆ ಕೈ ಕೆಂಪಾಗಿ ತುರಿಸುತ್ತದೆ. ಚೀಲದ ಮೇಲೆ ನೋಡಿದರೆ ಸೋಯಾ ಹಿಂಡಿ, ಗೋಧಿ ಬೂಸಾ ಎರಡೂ ಇವೆ. ಮನೆಯಲ್ಲೇ ಕಲಸಿಕೊಳ್ಳೋಣ ಎಂದುಕೊಂಡಿದ್ದೇವೆ. ಏನೇನು ಎಷ್ಟೆಷ್ಟು ಹಾಕಬೇಕು? ಕೋಳಿ ತಿಂದ ಸೋಯಾ ಮೊಟ್ಟೆಗೂ ಬರುತ್ತಾ? ಆಹಾರ ಬದಲಿಸಿದರೆ ಮೊಟ್ಟೆಯ ಹಳದಿ ಬಿಳಚಿಕೊಳ್ಳುತ್ತದೆ ಅಂತಾರೆ, ಅದು ನಿಜವಾ?

ಉತ್ತರ: ಮೊದಲು ಮಗಳ ವಿಷಯ ಮುಗಿಸೋಣ, ಕೋಳಿ ಆಮೇಲೆ.

ಮುಚ್ಚಳ ತೆಗೆದ ಕೂಡಲೇ ಸೀನು, ಮುಟ್ಟಿದ ಮೇಲೆ ತುರಿಕೆ ಅಂತ ಬರೆದಿದ್ದೀರಿ. ಇದು ಮೊಟ್ಟೆಯಿಂದ ಬಂದ ತೊಂದರೆ ಅಲ್ಲ. ಫೀಡಿನ ದೂಳು ಕೈಗೂ ಮೂಗಿಗೂ ತಾಗಿ ಬಂದಿರುವ ಸಾಧ್ಯತೆಯೇ ಜಾಸ್ತಿ. ಸೋಯಾ ದೂಳನ್ನು ಹಗುರವಾಗಿ ತಗೋಬೇಡಿ. 1981ರಿಂದ 1987ರ ನಡುವೆ ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ 26 ಸಲ ಹೀಗಾಯಿತು: ಇದ್ದಕ್ಕಿದ್ದಂತೆ ಒಂದೇ ದಿನ ತುಂಬಾ ಜನ ಆಸ್ತಮಾ ಬಂದು ಆಸ್ಪತ್ರೆಗೆ ಓಡಿದರು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಂದರಿನಲ್ಲಿ ಹಡಗಿನಿಂದ ಇಳಿಸುತ್ತಿದ್ದ ಸೋಯಾ ಕಾಳಿನ ದೂಳು. ಕಾಳು ತುಂಬುವ ಗೋಪುರಗಳಿಗೆ ದೂಳು ಹಿಡಿಯುವ ಫಿಲ್ಟರ್ ಹಾಕಿದ ಮೇಲೆ ಅದು ನಿಂತಿತು. ಸೋಯಾ ಬಾಯಿಗೆ ಇಡದೆ, ಬರೀ ಉಸಿರಾಡಿಯೇ ಜನ ಅಷ್ಟು ಕಷ್ಟಪಟ್ಟಿದ್ದರು. ಹಾಗಾಗಿ ಇವತ್ತಿನಿಂದಲೇ ಆ ಹಳೆ ಡಬ್ಬದ ಹತ್ತಿರ ಮಗಳನ್ನು ಬಿಡಬೇಡಿ. ಹೊಸ ಆಹಾರಕ್ಕೆ ಬದಲಾಗಿ ಎಲ್ಲ ತೊಳೆಯುವವರೆಗೆ, ನೀವು ತಂದ ಮೊಟ್ಟೆ ಎಣಿಸಿಡುವ ಕೆಲಸ, ನೀರು ತುಂಬಿಕೊಡುವ ಕೆಲಸ ಅವಳಿಗೆ ಕೊಡಿ. ಒಂದು ವೇಳೆ ತುಟಿ ಊದುವುದು, ಉಸಿರು ಕಟ್ಟುವುದು, ಮೈತುಂಬಾ ದದ್ದು ಏಳುವುದು ಆದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇನ್ನು ಮೊಟ್ಟೆಯ ಪ್ರಶ್ನೆ. ಕೋಳಿ ತಿಂದ ಸೋಯಾ ಪ್ರೋಟೀನ್ ಹಾಗೇ ಮೊಟ್ಟೆಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ಅದು ಅಮೈನೋ ಆಮ್ಲ ಎಂಬ ಸಣ್ಣ ತುಣುಕುಗಳಾಗಿ ಒಡೆಯುತ್ತದೆ, ಕೋಳಿ ಅದರಿಂದ ತನ್ನದೇ ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಸೋಯಾದಲ್ಲಿರುವ ಐಸೋಫ್ಲೇವೋನ್ ಎಂಬ ಅಂಶ ಮಾತ್ರ ಸಣ್ಣ ಪ್ರಮಾಣದಲ್ಲಿ ಹಳದಿಗೆ ಬರುವುದನ್ನು ಅಳೆದು ನೋಡಿದ್ದಾರೆ. ಆದರೆ ಅದು ಪ್ರೋಟೀನ್ ಅಲ್ಲ, ಸೋಯಾ ಅಲರ್ಜಿ ಬರುವುದು ಪ್ರೋಟೀನಿನಿಂದ. ಗೋಧಿಗೂ ಇದೇ ಮಾತು. ಮಗಳು ಇಷ್ಟು ದಿನ ನಿಮ್ಮ ಮೊಟ್ಟೆ ತಿಂದು ಆರಾಮಾಗಿ ಇದ್ದಾಳೆ ಅಂದರೆ ಮೊಟ್ಟೆ ಬಗ್ಗೆ ಭಯಪಡುವ ಕಾರಣ ನನಗೆ ಕಾಣುತ್ತಿಲ್ಲ. ಮೊಟ್ಟೆ ತಿಂದಾಗಲೂ ತೊಂದರೆ ಆಗಿದ್ದರೆ ಮಾತ್ರ ಅದು ಬೇರೆಯೇ ವಿಷಯ. ಮೊಟ್ಟೆಗೇ ಅಲರ್ಜಿ ಇದ್ದವರಿಗೆ ಕೋಳಿಗೆ ಏನೇ ತಿನ್ನಿಸಿದರೂ ಉಪಯೋಗ ಇಲ್ಲ. ಬಿಳಿಯಲ್ಲಿರುವ ಓವೋಮ್ಯೂಕಾಯ್ಡ್, ಓವಾಲ್ಬ್ಯುಮಿನ್ ಅನ್ನೋ ಪ್ರೋಟೀನ್‌ಗಳೇ ಅಲ್ಲಿ ಕಾರಣ, ಅವು ಎಲ್ಲ ಮೊಟ್ಟೆಯಲ್ಲೂ ಇರುತ್ತವೆ. "ಸೋಯಾ ಇಲ್ಲದ ಮೊಟ್ಟೆ ಕೊಟ್ಟು ನೋಡೋಣ" ಅಂತ ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಅದನ್ನು ಅಲರ್ಜಿ ಡಾಕ್ಟರ ಎದುರಿಗೇ ಮಾಡಬೇಕು.

ಇನ್ನೊಂದು ಮಾತು. ಸೋಯಾ, ಗೋಧಿ ಪೂರ್ತಿ ತೆಗೆದು, ಎಲ್ಲ ತೊಳೆದ ಮೇಲೂ ಕೋಳಿ ಗೂಡಿನ ಹತ್ತಿರ ಸೀನು ಬರುತ್ತಿದ್ದರೆ ಗರಿಯ ಹೊಟ್ಟು, ಒಣಗಿದ ಹಿಕ್ಕೆಯ ದೂಳು, ನುಸಿ ಇವುಗಳ ಮೇಲೆ ಅನುಮಾನ ಪಡಬೇಕು. ಅದನ್ನೂ ಡಾಕ್ಟರಿಗೆ ಹೇಳಿ.

ಈಗ ಕೋಳಿ ಕಡೆ ಬರೋಣ.

ಸೋಯಾ ಕೋಳಿಗೆ ಕೆಟ್ಟದ್ದಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸೋಯಾ ಅಂದರೆ ವಿಷ ಅನ್ನೋ ಹಾಗೆ ಮಾತಾಡುವವರು ಅದನ್ನು ತೆಗೆದುಹಾಕಿ ನೆಮ್ಮದಿಯಾಗಿ ಕೂರುತ್ತಾರೆ, ಕೋಳಿ ಮಾತ್ರ ನಿಧಾನಕ್ಕೆ ಸೊರಗುತ್ತದೆ. ಎಣ್ಣೆ ತೆಗೆದ ಸೋಯಾ ಹಿಂಡಿಯಲ್ಲಿ 44ರಿಂದ 48% ಪ್ರೋಟೀನ್ ಇರುತ್ತದೆ, ಅದರಲ್ಲಿ ಲೈಸೀನ್ ಅನ್ನೋ ಅಮೈನೋ ಆಮ್ಲ ತುಂಬಾ ಚೆನ್ನಾಗಿದೆ. ಅಂಥ ಒಂದೇ ವಸ್ತುವನ್ನು ತೆಗೆದರೆ ಅದರ ಜಾಗಕ್ಕೆ ಎರಡು ಮೂರು ವಸ್ತು ಬೇಕು. ಧಾನ್ಯ ಎಷ್ಟು ಹಾಕಿದರೂ ಆ ಜಾಗ ತುಂಬುವುದಿಲ್ಲ.

ನನಗೆ ಪರಿಚಯದ ಒಂದು ಮನೆಯಲ್ಲಿ ಹತ್ತು ಹನ್ನೆರಡು ಕೋಳಿ ಇದ್ದವು. ಸೋಯಾ ಬೇಡ ಅಂತ ಬರೀ ಧಾನ್ಯ ಮತ್ತು ಬಟಾಣಿ ಕಲಸಿ ಹಾಕುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ನೋಡಲು ಕರೆದರು. ಮೊಟ್ಟೆ ಸಣ್ಣದಾಗಿದೆ ಅಂತ ಅವರ ದೂರು. ನಾನು ಗೂಡಿನೊಳಗೆ ಬಗ್ಗಿ ನೋಡಿದೆ. ನೆಲದ ಮೇಲೆ ಒಂದೇ ಒಂದು ಗರಿ ಇರಲಿಲ್ಲ. ಗೂಡು ಚೊಕ್ಕಟ ಇಟ್ಟಿದ್ದಾರೆ ಅನ್ನಿಸುತ್ತೆ ಅಲ್ವಾ? ಹಾಗಲ್ಲ. ನಾವು ನೋಡುತ್ತಿದ್ದಂತೆಯೇ ಒಂದು ಕೋಳಿ ಪಕ್ಕದ ಕೋಳಿಯ ಬಾಲದ ಬುಡದಿಂದ ಸಣ್ಣ ಗರಿ ಕಿತ್ತು ನುಂಗಿತು, ಇನ್ನೊಂದು ಕೋಳಿ ಅದನ್ನು ಕಸಿಯಲು ಓಡಿ ಬಂತು. ಗರಿಯ ಬಹುಪಾಲು ಪ್ರೋಟೀನೇ, ಅದರಲ್ಲೂ ಗಂಧಕ ಇರುವ ಅಮೈನೋ ಆಮ್ಲ ಜಾಸ್ತಿ. ಆ ಕೋಳಿಗಳಿಗೆ ಬೇಕಾಗಿದ್ದು ಅದೇ, ಮೆಥಿಯೋನಿನ್. ಬಟಾಣಿಯಲ್ಲಿ ಲೈಸೀನ್ ಇದೆ, ಮೆಥಿಯೋನಿನ್ ತೀರಾ ಕಮ್ಮಿ. ಧಾನ್ಯದಲ್ಲೂ ಕಮ್ಮಿ. ಎರಡು ಕೊರತೆ ಸೇರಿಸಿದರೆ ಕೊರತೆಯೇ ಉಳಿಯುತ್ತದೆ. ಸೋಯಾ ಬಿಟ್ಟವರು ಮೊದಲು ಎಡವುವುದು ಇಲ್ಲೇ.

ಮೊಟ್ಟೆ ಇಡುವ ಕೋಳಿಗೆ ಬೇಕಾದ್ದು ಇಷ್ಟು. ಆಹಾರದಲ್ಲಿ ಪ್ರೋಟೀನ್ ಸುಮಾರು 16%. ಲೈಸೀನ್ 0.7%. ಮೆಥಿಯೋನಿನ್ 0.3%ಕ್ಕಿಂತ ಕೆಳಗೆ ಇಳಿಯಬಾರದು, 0.35ರ ಮೇಲಿದ್ದರೆ ಒಳ್ಳೆಯದು. ಕ್ಯಾಲ್ಶಿಯಂ 3.5ರಿಂದ 4%. ಉಪ್ಪು 0.3ರಿಂದ 0.4%. ಶಕ್ತಿ ಕೆಜಿಗೆ 2,600ರಿಂದ 2,800 ಕಿಲೋ ಕ್ಯಾಲರಿ. ಒಂದು ಕೋಳಿ ದಿನಕ್ಕೆ 110ರಿಂದ 120 ಗ್ರಾಂ ತಿನ್ನುತ್ತದೆ, ನೀರು ಅದರ ಎರಡರಷ್ಟು, ಸೆಕೆಯಲ್ಲಿ ಇನ್ನೂ ಜಾಸ್ತಿ. ನಿಮ್ಮ 8 ಕೋಳಿಗೆ ದಿನಕ್ಕೆ ಒಂದು ಕೆಜಿಗಿಂತ ಸ್ವಲ್ಪ ಕಮ್ಮಿ. ಅಂದರೆ 10 ಕೆಜಿ ಕಲಸಿದರೆ ಹತ್ತು ಹನ್ನೊಂದು ದಿನಕ್ಕೆ ಸರಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಒಟ್ಟಿಗೆ ಕಲಸಬೇಡಿ.

ಪ್ರೋಟೀನ್ ಲೆಕ್ಕದಲ್ಲಿ ತುಂಬಾ ಜನ ತಪ್ಪುತ್ತಾರೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಧಾನ್ಯಗಳಲ್ಲಿ ಸರಾಸರಿ 10% ಪ್ರೋಟೀನ್ ಇದೆ, ಬಟಾಣಿ ಮತ್ತು ಹಿಂಡಿ ಸೇರಿದ ಮಿಶ್ರಣದಲ್ಲಿ 30% ಇದೆ ಅಂತಿಟ್ಟುಕೊಳ್ಳಿ. 16% ಬೇಕು ಅಂದರೆ 70 ಭಾಗ ಧಾನ್ಯ, 30 ಭಾಗ ಮಿಶ್ರಣ ಅಂತ ಲೆಕ್ಕ ಬರುತ್ತದೆ. ಕಾಗದದ ಮೇಲೆ ಸರಿಯೇ. ಆದರೆ ಆಮೇಲೆ ಅದಕ್ಕೆ ಸುಣ್ಣಕಲ್ಲು, ಉಪ್ಪು, ಖನಿಜ ಎಲ್ಲ ಹಾಕುತ್ತೀರಿ, ಅವು ಒಟ್ಟು ತೂಕದ 11%ದಷ್ಟು ಜಾಗ ತಿನ್ನುತ್ತವೆ, ಅವುಗಳಲ್ಲಿ ಪ್ರೋಟೀನ್ ಏನೂ ಇಲ್ಲ. ಹಾಗಾಗಿ ಕೊನೆಗೆ ಕೋಳಿಗೆ ಸಿಗುವುದು 14% ಮಾತ್ರ. ಉಳಿದ 89 ಭಾಗದಲ್ಲೇ 16 ಬರಬೇಕು ಅಂದರೆ ಆ ಭಾಗದಲ್ಲಿ 18% ಇರಬೇಕು. ಆಗ ಲೆಕ್ಕ 60ಕ್ಕೆ 40 ಆಗುತ್ತದೆ. ಎಷ್ಟು ವ್ಯತ್ಯಾಸ ನೋಡಿ. ಎಣ್ಣೆ ಹಾಕಿದರೆ ಅದನ್ನೂ ಪ್ರೋಟೀನ್ ಇಲ್ಲದ ಲೆಕ್ಕಕ್ಕೇ ಸೇರಿಸಿ.

ಈಗ ಯಾವ ವಸ್ತು. ಇಲ್ಲಿ ಕೋಳಿಯ ಹೊಟ್ಟೆ ನೋಡಿಕೊಂಡರೆ ಸಾಲದು, ಮಗಳ ಅಲರ್ಜಿಯನ್ನೂ ಜೊತೆಗೇ ನೋಡಬೇಕು. ಸೋಯಾ ಬಿಟ್ಟವರು ಸಾಮಾನ್ಯವಾಗಿ ಹೋಗುವುದು ಶೇಂಗಾ ಹಿಂಡಿಗೆ, ನಿಮಗೆ ಅದು ಆಗುವುದಿಲ್ಲ. ಎಳ್ಳು ಹಿಂಡಿಯಲ್ಲಿ ಮೆಥಿಯೋನಿನ್ ತುಂಬಾ ಚೆನ್ನಾಗಿದೆ, ಆದರೆ ಎಳ್ಳೂ ದೊಡ್ಡ ಅಲರ್ಜಿ ವಸ್ತುವೇ. ಅಮೆರಿಕದಲ್ಲಿ ಆಹಾರದ ಲೇಬಲ್ ಮೇಲೆ ಕಡ್ಡಾಯವಾಗಿ ಹೇಳಬೇಕಾದ ಅಲರ್ಜಿ ವಸ್ತುಗಳ ಪಟ್ಟಿಗೆ 2023ರಿಂದ ಒಂಬತ್ತನೆಯದಾಗಿ ಎಳ್ಳನ್ನು ಸೇರಿಸಿದ್ದಾರೆ. ಶೇಂಗಾ ಅಲರ್ಜಿ ಇದ್ದವರಲ್ಲಿ ಎಳ್ಳಿನ ಅಲರ್ಜಿಯೂ ಇರಬಹುದು, ಡಾಕ್ಟರನ್ನು ಕೇಳದೆ ತರಬೇಡಿ. ಲೂಪಿನ್ ಅನ್ನೋ ಕಾಳು ಕೆಲವು ಕಡೆ ಸೋಯಾಗೆ ಬದಲಿಯಾಗಿ ಸಿಗುತ್ತದೆ. ಶೇಂಗಾ ಅಲರ್ಜಿ ಇರುವ ಮನೆಗೆ ಅದು ಬೇಡವೇ ಬೇಡ, ಎರಡರ ಪ್ರೋಟೀನ್‌ಗಳೂ ಹತ್ತಿರದವು. ಒಣಗಿಸಿದ ಹುಳ, ಅಂದರೆ ಕಪ್ಪು ಸೈನಿಕ ನೊಣದ ಮರಿಹುಳ ಅಥವಾ ಹಿಟ್ಟಿನ ಹುಳ, ಕೋಳಿಗೆ ಪ್ರಾಣ. ಆದರೆ ಸೀಗಡಿ ಅಥವಾ ಮನೆದೂಳಿನ ನುಸಿ ಅಲರ್ಜಿ ಇದ್ದವರಿಗೆ ಆ ಹುಳದ ದೂಳೂ ತೊಂದರೆ ಕೊಡಬಹುದು, ಮೂರರಲ್ಲೂ ಟ್ರೋಪೋಮಯೋಸಿನ್ ಅನ್ನೋ ಒಂದೇ ಥರದ ಪ್ರೋಟೀನ್ ಇದೆ.

ಬಟಾಣಿ ಬಗ್ಗೆಯೂ ಡಾಕ್ಟರ ಹತ್ತಿರ ಒಂದು ಮಾತು ಕೇಳಿ ಬನ್ನಿ. ಅದೂ ಶೇಂಗಾ, ಸೋಯಾ ಕುಲದ ಕಾಳೇ. ಶೇಂಗಾ ಅಲರ್ಜಿ ಇರುವ ಬಹಳ ಮಂದಿ ಬಟಾಣಿ ತಿಂದು ಆರಾಮಾಗಿ ಇರುತ್ತಾರೆ, ಕೆಲವರಿಗೆ ಆಗುವುದಿಲ್ಲ. ಮಗಳು ಈಗಾಗಲೇ ಊಟದಲ್ಲಿ ಬಟಾಣಿ ತಿನ್ನುತ್ತಾಳೆ, ಏನೂ ಆಗಿಲ್ಲ ಅಂದರೆ ಮುಂದುವರಿಯಿರಿ. ಅನುಮಾನ ಇದ್ದರೆ ಅದಕ್ಕೂ ಒಂದು ದಾರಿ ಕೆಳಗೆ ಕೊಟ್ಟಿದ್ದೇನೆ.

10 ಕೆಜಿಗೆ ನಾನು ಹೇಳುವ ಅಳತೆ ಇದು. ಸಜ್ಜೆ 2.6 ಕೆಜಿ, ಜೋಳ 1.8 ಕೆಜಿ, ಒಣ ಬಟಾಣಿ 2.2 ಕೆಜಿ, ಸಿಪ್ಪೆ ತೆಗೆದ ಸೂರ್ಯಕಾಂತಿ ಹಿಂಡಿ 1.7 ಕೆಜಿ, ಒಣಗಿಸಿದ ಕುದುರೆ ಮೆಂತೆ (ಲೂಸರ್ನ್) ಸೊಪ್ಪಿನ ಪುಡಿ 250 ಗ್ರಾಂ, ಸೂರ್ಯಕಾಂತಿ ಎಣ್ಣೆ 300 ಗ್ರಾಂ, ಸುಣ್ಣಕಲ್ಲು 950 ಗ್ರಾಂ, ಡೈಕ್ಯಾಲ್ಶಿಯಂ ಫಾಸ್ಫೇಟ್ (ಕ್ಯಾಲ್ಶಿಯಂ, ರಂಜಕ ಕೊಡುವ ಪುಡಿ) 130 ಗ್ರಾಂ, ಉಪ್ಪು 35 ಗ್ರಾಂ, ವಿಟಮಿನ್ ಮತ್ತು ಖನಿಜಗಳ ಪ್ರಿಮಿಕ್ಸ್ 25 ಗ್ರಾಂ, ಡಿಎಲ್ ಮೆಥಿಯೋನಿನ್ (ಪುಡಿಯಾಗಿ ಸಿಗುವ ಮೆಥಿಯೋನಿನ್) 10 ಗ್ರಾಂ. ಕೂಡಿಸಿ ನೋಡಿ, ಸರಿಯಾಗಿ 10 ಕೆಜಿ ಆಗುತ್ತದೆ. ಪ್ರೋಟೀನ್ 16%ದ ಹತ್ತಿರ, ಲೈಸೀನ್ 0.7, ಮೆಥಿಯೋನಿನ್ 0.38, ಕ್ಯಾಲ್ಶಿಯಂ 3.9, ಶಕ್ತಿ 2,600ರ ಆಸುಪಾಸು ಬರುತ್ತದೆ. ಸೋಯಾ ಇಲ್ಲ, ಶೇಂಗಾ ಇಲ್ಲ, ಗೋಧಿ ಇಲ್ಲ. ಮೆಕ್ಕೆಜೋಳ, ಎಳ್ಳು, ಮೀನು ಕೂಡ ಇಲ್ಲ.

ಸೂರ್ಯಕಾಂತಿ ಹಿಂಡಿ ತರುವಾಗ ಪ್ರೋಟೀನ್ ಎಷ್ಟು ಅಂತ ಕೇಳಿ ತನ್ನಿ. ಸಿಪ್ಪೆ ತೆಗೆದದ್ದು 34ರಿಂದ 36% ಇರುತ್ತದೆ, ನನ್ನ ಲೆಕ್ಕ ಅದರ ಮೇಲೇ ನಿಂತಿದೆ. ಸಿಪ್ಪೆ ಸಮೇತ ಇರುವುದು 28%ದ ಹತ್ತಿರ, ನಾರು ಜಾಸ್ತಿ, ಅದನ್ನು ಹಾಕಿದರೆ ಲೆಕ್ಕ ಎಲ್ಲ ಕೆಳಗೆ ಬೀಳುತ್ತದೆ. ಜೋಳದಲ್ಲಿ ಕಂದು ಬಣ್ಣದ, ಬಾಯಿಗೆ ಹಾಕಿದರೆ ಒಗರು ಹತ್ತುವ ತಳಿ ಬೇಡ. ಆ ಒಗರು ಟ್ಯಾನಿನ್‌ದು, ಅದು ಪ್ರೋಟೀನನ್ನು ಹಿಡಿದುಕೊಂಡು ಕೋಳಿಗೆ ಸಿಗದಂತೆ ಮಾಡುತ್ತದೆ. ಬಟಾಣಿ ಹಸಿಯಾಗಿಯೇ ಒಡೆದು ಹಾಕಬಹುದು, ಈ ಪ್ರಮಾಣಕ್ಕೆ ಬೇಯಿಸಬೇಕಿಲ್ಲ. ಬಟಾಣಿ ಸಿಗಲಿಲ್ಲ ಅಂತ ರಾಜ್ಮಾದಂಥ ಕಾಳನ್ನು ಹಸಿಯಾಗಿ ಹಾಕಲು ಮಾತ್ರ ಹೋಗಬೇಡಿ, ಅದರಲ್ಲಿರುವ ಲೆಕ್ಟಿನ್ ವಿಷವೇ. ಹತ್ತಿ ಬೀಜದ ಹಿಂಡಿಯೂ ಬೇಡ. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶದಿಂದ ಮೊಟ್ಟೆಯ ಹಳದಿ ಹಸಿರು ತಿರುಗುತ್ತದೆ.

ಬಟಾಣಿ ಆಗಲ್ಲ, ಆದರೆ ಮನೆಯಲ್ಲಿ ಯಾರಿಗೂ ಮೀನಿನ ಅಲರ್ಜಿ ಇಲ್ಲ ಅಂದರೆ ಹೀಗೆ ಮಾಡಿ. 2.2 ಕೆಜಿ ಬಟಾಣಿ ತೆಗೆದು 600 ಗ್ರಾಂ ಒಳ್ಳೆಯ ಮೀನಿನ ಪುಡಿ, 800 ಗ್ರಾಂ ಸಜ್ಜೆ, 800 ಗ್ರಾಂ ಜೋಳ ಹೆಚ್ಚಿಗೆ ಹಾಕಿ. ಮೀನಿನ ಪುಡಿಯಲ್ಲಿ 60% ಪ್ರೋಟೀನ್ ಇರಬೇಕು. ಆಗ ಮೆಥಿಯೋನಿನ್ ಬೇರೆ ಹಾಕಬೇಕಿಲ್ಲ, ಆ 10 ಗ್ರಾಮಿನ ಜಾಗಕ್ಕೂ ಧಾನ್ಯವೇ ಸಾಕು. ಮೀನಿನ ಪುಡಿಯಲ್ಲೇ ಉಪ್ಪಿನಂಶ ಇರುವುದರಿಂದ ಉಪ್ಪನ್ನು 20 ಗ್ರಾಮಿಗೆ ಇಳಿಸಿ. ಇದಕ್ಕಿಂತ ಜಾಸ್ತಿ ಹಾಕಿದರೆ, ಅಥವಾ ಪುಡಿ ಹಳತಾಗಿ ಕಮಟು ಹತ್ತಿದ್ದರೆ, ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಕುದುರೆ ಮೆಂತೆಯೂ ಬಟಾಣಿ ಕುಲದ್ದೇ. ಡಾಕ್ಟರು ಆ ಕುಲವೇ ಬೇಡ ಅಂದರೆ ಅದನ್ನೂ ಬಿಟ್ಟು, ಬೇರೆ ಹಸಿರು ಸೊಪ್ಪನ್ನು ಕಟ್ಟಿ ನೇತುಹಾಕಿ.

ಕೊನೆಯ ಐದು ಪುಡಿಗಳು ತೂಕದಲ್ಲಿ ಸಣ್ಣವು, ಜನ ಬಿಡುವುದೂ ಅವನ್ನೇ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಶಿಯಂ ಇರುತ್ತದೆ. ತಿಂದ ಕ್ಯಾಲ್ಶಿಯಂನಲ್ಲಿ ಅರ್ಧದಷ್ಟೇ ದಕ್ಕುವುದರಿಂದ ದಿನಕ್ಕೆ 4 ಗ್ರಾಂ ಹೊಟ್ಟೆಗೆ ಹೋಗಲೇಬೇಕು. ಹೋಗದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಚಿಪ್ಪು ಕಟ್ಟುತ್ತದೆ. ಕೆಲವು ವಾರ ಮೊಟ್ಟೆ ಚೆನ್ನಾಗಿಯೇ ಬರುತ್ತಿರುತ್ತದೆ, ಆಮೇಲೆ ಒಂದು ದಿನ ಕೋಳಿ ಎದ್ದು ನಿಲ್ಲಲಾರದು. ಸುಣ್ಣಕಲ್ಲಿನಲ್ಲಿ ಅರ್ಧ ಪುಡಿ, ಅರ್ಧ 2ರಿಂದ 4 ಮಿಲಿಮೀಟರ್ ಹರಳು ಇರಲಿ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುತ್ತದೆ, ಹರಳು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಿ ಆ ಹೊತ್ತಿಗೆ ಒದಗುತ್ತದೆ. ಸುಣ್ಣಕಲ್ಲು ಅಂದರೆ ಗೋಡೆಗೆ ಬಳಿಯುವ ಸುಣ್ಣ ಅಲ್ಲ, ದಯವಿಟ್ಟು ಗಮನಿಸಿ. ಸುಟ್ಟ ಸುಣ್ಣ ಕೋಳಿಯ ಬಾಯಿ, ಹೊಟ್ಟೆ ಎರಡನ್ನೂ ಸುಡುತ್ತದೆ.

ಪ್ರಿಮಿಕ್ಸ್ ಬೇಡ, ಸೊಪ್ಪು ತರಕಾರಿ ಹಾಕ್ತೀವಿ ಅನ್ನುವವರಿದ್ದಾರೆ. ಇದಕ್ಕೆ ನಾನು ಒಪ್ಪುವುದಿಲ್ಲ. ವಿಟಮಿನ್ ಡಿ3 ಇಲ್ಲದಿದ್ದರೆ ಅಷ್ಟೂ ಸುಣ್ಣಕಲ್ಲು ಹಿಕ್ಕೆಯಲ್ಲಿ ಹೋಗುತ್ತದೆ. ಬಿ12 ಗಿಡದ ಆಹಾರದಲ್ಲಿ ಇರುವುದೇ ಇಲ್ಲ. ಮ್ಯಾಂಗನೀಸ್, ಸತು, ಸೆಲೆನಿಯಂ ಇವನ್ನೆಲ್ಲ ಕಣ್ಣಂದಾಜಿನಲ್ಲಿ ಕೊಡಲು ಆಗುವುದಿಲ್ಲ. ನಾನು 25 ಗ್ರಾಂ ಅಂದಿರುವುದು ಟನ್ನಿಗೆ 2.5 ಕೆಜಿ ಹಾಕುವಂಥ ಪ್ರಿಮಿಕ್ಸ್‌ಗೆ. ನೀವು ತಂದದ್ದರ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಹಾಕಿ, ವ್ಯತ್ಯಾಸವನ್ನು ಜೋಳದಲ್ಲಿ ಸರಿಮಾಡಿಕೊಳ್ಳಿ.

ಆದರೆ ನಿಮ್ಮಂಥ ಮನೆಯಲ್ಲಿ ಸೋಯಾ ಕಳ್ಳದಾರಿಯಲ್ಲಿ ವಾಪಸ್ ಬರುವುದೂ ಈ ಪ್ರಿಮಿಕ್ಸ್‌ನಲ್ಲೇ! ವಿಟಮಿನ್ ಗ್ರಾಂ ಲೆಕ್ಕದಲ್ಲಿ ಇರುವುದರಿಂದ ಅದನ್ನು ಹರಡಲು ಏನಾದರೂ ಒಂದು ಹಿಟ್ಟು ಬೇಕು. ಅದು ಅಕ್ಕಿ ಹೊಟ್ಟು ಆಗಿರಬಹುದು, ಸುಣ್ಣಕಲ್ಲು ಆಗಿರಬಹುದು, ಗೋಧಿ ಬೂಸಾ ಅಥವಾ ಸೋಯಾ ಹಿಟ್ಟೂ ಆಗಿರಬಹುದು. ದೂಳು ಏಳದಿರಲಿ ಅಂತ ಸೋಯಾ ಎಣ್ಣೆ ಸಿಂಪಡಿಸಿರಬಹುದು. ಕೊಳ್ಳುವ ಮೊದಲು ತಯಾರಿಸುವವರನ್ನೇ ಮೂರು ಪ್ರಶ್ನೆ ಕೇಳಿ: ವಿಟಮಿನ್ ಬೆರೆಸಿರುವುದು ಯಾವ ಪುಡಿಯಲ್ಲಿ, ಎಣ್ಣೆ ಯಾವುದು, ಅದೇ ಯಂತ್ರದಲ್ಲಿ ಬೇರೆ ಏನು ಕಲಸುತ್ತೀರಿ. ಉತ್ತರ ಬರಹದಲ್ಲಿ ಕೊಡಲು ಹಿಂದೆಮುಂದೆ ನೋಡಿದರೆ ಬೇರೆ ಕಡೆ ನೋಡಿ. ಚೀಲದ ಮೇಲೆ "ಸಸ್ಯ ಪ್ರೋಟೀನ್ ಉತ್ಪನ್ನಗಳು", "ಧಾನ್ಯ ಉತ್ಪನ್ನಗಳು" ಅಂತ ಒಟ್ಟಾಗಿ ಬರೆದಿದ್ದರೆ ಅದರೊಳಗೆ ಏನು ಬೇಕಾದರೂ ಇರಬಹುದು. ಹಿಟ್ಟಿನ ಗಿರಣಿಯಲ್ಲೂ ಇದೇ ಕಥೆ. ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಕೊಂಡು ಹೋಗಿರುತ್ತಾರೆ. ಸಾಧ್ಯವಾದರೆ ಒಂದು ಸಣ್ಣ ಕೈಗಿರಣಿ ಇಟ್ಟುಕೊಂಡು ಮನೆಯಲ್ಲೇ ಒಡೆದುಕೊಳ್ಳಿ.

ಒಡೆಯುವುದು ಅಂದರೆ ರವೆಗಿಂತ ದಪ್ಪ ನುಚ್ಚು. ನುಣ್ಣಗೆ ಬೀಸಿದರೆ ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ದೂಳೂ ಜಾಸ್ತಿ. ಹಾಗಂತ ಕಾಳು ಕಾಳಾಗಿ ಬಿಟ್ಟರೆ ಕೋಳಿ ಆರಿಸಿ ತಿನ್ನುತ್ತದೆ. ಸಂಜೆ ತೊಟ್ಟಿಯ ತಳ ನೋಡಿ, ಗೊತ್ತಾಗುತ್ತದೆ. ಸಜ್ಜೆ ಎಲ್ಲ ಖಾಲಿ, ಮೂಲೆಯಲ್ಲಿ ಬೂದು ಬಣ್ಣದ ಪುಡಿ ಮಾತ್ರ ಗುಡ್ಡೆ. ಆ ಪುಡಿಯಲ್ಲೇ ಇರುವುದು ನಿಮ್ಮ ಪ್ರಿಮಿಕ್ಸ್, ಮೆಥಿಯೋನಿನ್, ಅರ್ಧ ಸುಣ್ಣಕಲ್ಲು. ಅದನ್ನು ಹೊರಗೆ ಚೆಲ್ಲಿ ಹೊಸದು ಹಾಕುತ್ತಾ ಹೋದರೆ ಇಷ್ಟೆಲ್ಲ ಲೆಕ್ಕ ಹಾಕಿದ್ದು ನೀರಲ್ಲಿ ಹೋಮ.

ಅದಕ್ಕೇ ಕಲಸುವ ಕ್ರಮ ಮುಖ್ಯ. ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು, ಚಮಚದ ಅಳತೆ ನಂಬಬೇಡಿ. ಮೆಥಿಯೋನಿನ್ ಜಾಸ್ತಿಯಾದರೂ ಕೋಳಿಗೆ ಕೆಡುಕೇ, ಉಪ್ಪು ಜಾಸ್ತಿಯಾದರೆ ಸಾಯಲೂಬಹುದು. ಮೊದಲು ಪ್ರಿಮಿಕ್ಸ್, ಮೆಥಿಯೋನಿನ್, ಉಪ್ಪು ಮೂರನ್ನೂ ಸೊಪ್ಪಿನ ಪುಡಿಯ ಜೊತೆ ಒಂದು ಬಟ್ಟಲಲ್ಲಿ ಚೆನ್ನಾಗಿ ಬೆರೆಸಿ. ಹಸಿರಿನ ನಡುವೆ ಬಿಳಿ ಗೆರೆ ಕಾಣದಂತೆ ಆಗಬೇಕು. ಆಮೇಲೆ ಅದನ್ನು ಸೂರ್ಯಕಾಂತಿ ಹಿಂಡಿಗೆ ಹಾಕಿ ಬೆರೆಸಿ, ಡೈಕ್ಯಾಲ್ಶಿಯಂ ಮತ್ತು ಸುಣ್ಣಕಲ್ಲಿನ ಪುಡಿಯನ್ನೂ ಸೇರಿಸಿ. ಇನ್ನೊಂದು ಕಡೆ ಧಾನ್ಯ, ಬಟಾಣಿ ನುಚ್ಚಿಗೆ ಎಣ್ಣೆ ಹಾಕಿ ಕೈಯಲ್ಲಿ ಉಜ್ಜಿ. ನುಚ್ಚೆಲ್ಲ ಮಿರುಗುವಂತಾದಾಗ ಪುಡಿಯ ಮಿಶ್ರಣವನ್ನು ಅದರ ಮೇಲೆ ಮೂರು ನಾಲ್ಕು ಸಲ ಉದುರಿಸುತ್ತಾ ಕಲಸಿ. ಎಣ್ಣೆಯ ಜಿಡ್ಡಿಗೆ ಪುಡಿ ನುಚ್ಚಿನ ಮೈಗೆ ಅಂಟಿಕೊಳ್ಳುತ್ತದೆ, ತಳಕ್ಕೆ ಇಳಿಯುವುದಿಲ್ಲ. ದೂಳೂ ಎಷ್ಟೋ ಕಮ್ಮಿಯಾಗುತ್ತದೆ, ಅದು ಮಗಳಿಗೂ ಒಳ್ಳೆಯದು. ಹರಳು ಸುಣ್ಣಕಲ್ಲು ಕೊನೆಗೆ. ತಿನ್ನಿಸುವಾಗ ಆ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಸ್ವಲ್ಪ ನೀರು ಚಿಮುಕಿಸಿ ಪುಡಿಪುಡಿಯಾಗಿ ಕಲಸಿ ಕೊಟ್ಟರೆ ಇನ್ನೂ ಉತ್ತಮ. ಒದ್ದೆ ಮಾಡಿದ್ದನ್ನು ಮಾರನೇ ದಿನಕ್ಕೆ ಉಳಿಸಬೇಡಿ.

ಹಳೆ ಡಬ್ಬ, ತೊಟ್ಟಿ, ಸೌಟು ಎಲ್ಲ ಏನು ಮಾಡಬೇಕು? ಸೋಪು ನೀರಲ್ಲಿ ತಿಕ್ಕಿ ತೊಳೆಯಬೇಕು. ಅಲರ್ಜಿ ಪ್ರೋಟೀನ್ ಕ್ರಿಮಿ ಅಲ್ಲ, ಸ್ಯಾನಿಟೈಸರ್ ಹಚ್ಚಿದರೆ ಸಾಯುವಂಥದ್ದಲ್ಲ. ಸೋಪು ಹಾಕಿ ಉಜ್ಜಿ, ನೀರು ಸುರಿದು ಅದನ್ನು ಸಾಗಹಾಕಬೇಕು, ಬೇರೆ ದಾರಿ ಇಲ್ಲ. ಬಿರುಕುಬಿಟ್ಟ ಪ್ಲಾಸ್ಟಿಕ್ ಡಬ್ಬ, ಮರದ ತೊಟ್ಟಿ ಇದ್ದರೆ ಬದಲಿಸಿಬಿಡಿ, ಸಂದಿಯಲ್ಲಿ ಕೂತ ಹಿಟ್ಟು ಹೋಗುವುದಿಲ್ಲ. ಗೂಡಿನ ನೆಲದ ಹಾಸನ್ನೂ ಒಂದು ಸಲ ಪೂರ್ತಿ ತೆಗೆಯಿರಿ. ಮೇಲೆ ಹೇಳಿದ ವಸ್ತುಗಳಲ್ಲಿ ಅವಳ ಅಲರ್ಜಿ ಇಲ್ಲದಿದ್ದರೂ ಕಲಸುವ ಹೊತ್ತಿಗೆ ಮಗಳು ಪಕ್ಕದಲ್ಲಿ ಬೇಡ. ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಮೂಗಿಗೆ ಮಾಸ್ಕ್ ಹಾಕಿಕೊಂಡು ಕಲಸಿ, ಆಮೇಲೆ ಬಟ್ಟೆ ಬದಲಿಸಿ ಒಳಗೆ ಬನ್ನಿ. ಯಾವ ಧಾನ್ಯದ ದೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ನಿಮ್ಮದಕ್ಕೂ ಅಷ್ಟೇ.

ಒಡೆದ ಧಾನ್ಯ, ಅದರಲ್ಲೂ ಎಣ್ಣೆ ಹಾಕಿದ್ದು, ಬೇಗ ಕಮಟಾಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ತಂಪಾದ ಕತ್ತಲ ಜಾಗದಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ಬೂಷ್ಟು ಬಂದಿದ್ದರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಹಾಕಬೇಡಿ. ವಿಷ ಕಣ್ಣಿಗೆ ಕಾಣದ ಕಡೆಯೂ ಹರಡಿರುತ್ತದೆ. ಪೂರ್ತಿ ಎಸೆಯಿರಿ.

ಹಳೆ ಆಹಾರದಿಂದ ಹೊಸದಕ್ಕೆ ಸಾಮಾನ್ಯವಾಗಿ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು: ಕಾಲು ಭಾಗ, ಅರ್ಧ, ಮುಕ್ಕಾಲು, ಹೀಗೆ. ಆ ವಾರ ಸೋಯಾ ಇನ್ನೂ ಮನೆಯಲ್ಲಿ ಇರುತ್ತದೆ, ಆದ್ದರಿಂದ ತೊಳೆಯುವ ಕೆಲಸ ವಾರದ ಕೊನೆಗೆ, ಮಗಳು ಗೂಡಿಗೆ ಬರುವುದು ಅದರ ನಂತರ. ಕೋಳಿ ಗರಿ ಉದುರಿಸುತ್ತಿರುವ ಕಾಲದಲ್ಲಿ ಬದಲಾವಣೆ ಶುರು ಮಾಡಬೇಡಿ, ಆಗಲೇ ಅದಕ್ಕೆ ಪ್ರೋಟೀನ್ ಹೆಚ್ಚು ಬೇಕಾಗಿರುವುದು. ಬದಲಿಸುವ ಮೊದಲು ಒಂದು ವಾರ ದಿನಕ್ಕೆ ಎಷ್ಟು ಮೊಟ್ಟೆ, ಒಂದೊಂದು ಎಷ್ಟು ಗ್ರಾಂ ಅಂತ ಬರೆದಿಡಿ. ಬದಲಿಸಿದ ಮೇಲೂ ಆರು ವಾರ ಬರೆಯಿರಿ. ಮೊಟ್ಟೆ ಸಣ್ಣದಾಗುತ್ತಾ ಬಂದರೆ, ಗರಿ ಕಿತ್ತು ತಿಂದರೆ ಪ್ರೋಟೀನ್, ಮೆಥಿಯೋನಿನ್ ನೋಡಿ. ಚಿಪ್ಪು ತೆಳ್ಳಗಾಗಿ ಹೆಬ್ಬೆರಳು ಒತ್ತಿದರೆ ಒಳಗೆ ಹೋಗುವಂತಿದ್ದರೆ ಕ್ಯಾಲ್ಶಿಯಂ, ಡಿ3 ನೋಡಿ. ಇದ್ದಕ್ಕಿದ್ದಂತೆ ಒಂದನ್ನೊಂದು ಕುಕ್ಕಲು ಶುರುಮಾಡಿ ಮೊಟ್ಟೆಯೂ ಇಳಿದರೆ ಉಪ್ಪು ಮರೆತಿದ್ದೀರಾ ನೋಡಿಕೊಳ್ಳಿ. ಅಡುಗೆಮನೆಯ ಉಳಿಕೆ, ಕಾಳು ಕಡಿ ಎಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಭಾಗ ಮೀರದಿರಲಿ. ಬ್ರೆಡ್ ತುಂಡು ಹಾಕುವ ಅಭ್ಯಾಸ ಇದ್ದರೆ ಅದರ ಜೊತೆ ಗೋಧಿ ವಾಪಸ್ ಬಂತು ಅಂತಲೇ ಲೆಕ್ಕ, ನೆನಪಿರಲಿ.

ಈ ಆಹಾರ ಮೊಟ್ಟೆ ಇಡುವ ಕೋಳಿಗೆ ಮಾತ್ರ. ಮರಿಗಳಿಗೂ ಇನ್ನೂ ಮೊಟ್ಟೆ ಶುರುಮಾಡದ ಹೆಣ್ಣುಗಳಿಗೂ ಹಾಕಬೇಡಿ. ಅವಕ್ಕೆ 1% ಕ್ಯಾಲ್ಶಿಯಂ ಸಾಕು, 4% ತಿಂದರೆ ಮೂತ್ರಪಿಂಡ ಹಾಳಾಗುತ್ತದೆ. ಹುಂಜವೋ ಎಳೆ ಕೋಳಿಯೋ ಜೊತೆಯಲ್ಲಿದ್ದರೆ ಸುಣ್ಣಕಲ್ಲನ್ನು 150 ಗ್ರಾಮಿಗೆ ಇಳಿಸಿ ಕಲಸಿ, ಉಳಿದದ್ದನ್ನು ಹರಳಾಗಿ ಬೇರೆ ಬಟ್ಟಲಲ್ಲಿಡಿ. ಬೇಕಾದ ಹೆಣ್ಣು ತಾನೇ ಹೋಗಿ ತಿನ್ನುತ್ತದೆ. ಹೀಗೆ ಮಾಡಿದಾಗ ಒಟ್ಟು ತೂಕ 9.2 ಕೆಜಿ ಆಗುತ್ತದೆ, ಗಾಬರಿ ಬೇಡ, ಬೇರೆ ಯಾವುದನ್ನೂ ಹೆಚ್ಚಿಸಬೇಕಿಲ್ಲ. ಮರಿಗಳಿಗೆ ಮನೆಯಲ್ಲಿ ಕಲಸುವ ಸಾಹಸ ಸದ್ಯಕ್ಕೆ ಬೇಡ. ಅವು ಮೊದಲ ಎಂಟು ವಾರದಲ್ಲಿ ಸಣ್ಣ ಕೊರತೆಯನ್ನೂ ತಡೆದುಕೊಳ್ಳುವುದಿಲ್ಲ.

ಹಳದಿಯ ಬಣ್ಣ ಕೇಳಿದ್ದಿರಿ. ಹೌದು, ಬಿಳಚಿಕೊಳ್ಳುತ್ತದೆ. ಹಳದಿಗೆ ಬಣ್ಣ ಕೊಡುವುದು ಮೆಕ್ಕೆಜೋಳ ಮತ್ತು ಹಸಿರು ಎಲೆಗಳಲ್ಲಿರುವ ಜಾಂತೋಫಿಲ್ ಎಂಬ ಬಣ್ಣದ ಅಂಶ. ನಮ್ಮ ಮಿಶ್ರಣದಲ್ಲಿ ಮೆಕ್ಕೆಜೋಳ ಇಲ್ಲ, ಸಜ್ಜೆ ಜೋಳದಲ್ಲಿ ಆ ಬಣ್ಣ ಅಷ್ಟಿಲ್ಲ. 250 ಗ್ರಾಂ ಕುದುರೆ ಮೆಂತೆ ಹಾಕಿಸಿದ್ದು ಸ್ವಲ್ಪ ಅದಕ್ಕೂ ಹೌದು. ಬಣ್ಣ ಕಮ್ಮಿಯಾದರೆ ಮೊಟ್ಟೆಯ ಪ್ರೋಟೀನ್ ಏನೂ ಕಮ್ಮಿಯಾಗುವುದಿಲ್ಲ. ಆದರೂ ಕಣ್ಣಿಗೆ ಚೆನ್ನಾಗಿರಲಿ ಅಂದರೆ ದಿನಾ ಒಂದು ಹಿಡಿ ಹಸಿರು ಸೊಪ್ಪು ಕಟ್ಟಿ ಕೋಳಿಯ ಕೊಕ್ಕಿಗೆ ಎಟಕುವ ಎತ್ತರಕ್ಕೆ ನೇತುಹಾಕಿ, ಅಥವಾ ಒಣಗಿಸಿದ ಚೆಂಡುಹೂವಿನ ಎಸಳನ್ನು ಪುಡಿಮಾಡಿ ಆಹಾರಕ್ಕೆ ಸ್ವಲ್ಪ ಬೆರೆಸಿ. ಹತ್ತು ಹದಿನೈದು ದಿನದಲ್ಲಿ ಬಣ್ಣ ವಾಪಸ್ ಬರುತ್ತದೆ. ಸೊಪ್ಪು ಕಟ್ಟಿ ನೇತುಹಾಕುವ ಕೆಲಸ ಮಗಳಿಗೇ ಕೊಡಿ, ಅದರಲ್ಲಿ ದೂಳಿಲ್ಲ.